ಮಾವನವರ ಪೇಟಿಯ ಜೋಡಿ

ಸೋದರಿಯರೇ, ನಿಮ್ಮ ಅಟ್ಟದ ಮೇಲೆ ಹಳೆಯ ಹಾರ್ಮೋನಿಯಂ ಇದೆಯೇ? ಗುಜರಿಯವನಿಗೆ ಕೊಡುವ ಮೊದಲು ಈ ನಾಲ್ಕು ಮಾತು ಓದಿ. ನಾನು ಕೊಟ್ಟು ಕೆಟ್ಟೆ!

ಸುರಪುರದ ನಮ್ಮ ಮನೆಯಲ್ಲಿ ಮಾವನವರ ಪೇಟಿ ಇತ್ತು. ಒಳಗೆ ಪ್ಯಾರಿಸ್ ರೀಡು. ತಿದಿಯನ್ನು ಇಲಿ ಕಡಿದಿತ್ತೆಂದು ಮಾರಿಬಿಟ್ಟೆ. ಮಾವನವರು ಒಂದು ಮಾತೂ ಆಡಲಿಲ್ಲ; ಆದರೆ ಸೋಮವಾರದ ಭಜನೆಗೆ ಹೋಗುವುದನ್ನೇ ಬಿಟ್ಟರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಹೊರಗಿಟ್ಟಾಗಲೂ ನಮ್ಮ ಭಜನೆಯವರು ಅದನ್ನು ಬಿಟ್ಟಿರಲಿಲ್ಲ. ಬಿಡಿಸಿದವಳು ನಾನು!

ಅಂಥದೇ ಪೇಟಿ ಹುಡುಕುತ್ತ ಶಹಾಪುರ, ಯಾದಗಿರಿ ತಿರುಗಿದೆ. "ಅಂಥಾದೇ ಅದರಿ ಅಕ್ಕಾ" ಎಂದು ಒಬ್ಬರು ತೋರಿಸಿದರು. ಮೇಲೆ ‘ಪ್ಯಾರಿಸ್’ ಚೀಟಿ, ಬಿಚ್ಚಿಸಿದರೆ ಒಳಗೆಲ್ಲ ಹೊಸ ರೀಡು!

ನೀವು ಕೊಳ್ಳುವಾಗ ಹೀಗೆ ಮಾಡಿ:

ಚೀಟಿ ನಂಬಬೇಡಿ. ಬಿಚ್ಚಿಸಿ, ಹಿತ್ತಾಳೆ ರೀಡಿನ ಮೇಲಿನ ಅಚ್ಚು ನೋಡಿ.

ಯಾವ ಪಟ್ಟಿಯನ್ನೂ ಒತ್ತದೆ ತಿದಿ ಹಾಕಿ. ತುಂಬಿದ ಗಾಳಿ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ.

ಕಡಿಮೆ ಗಾಳಿಯಲ್ಲಿ ಒಂದೊಂದೇ ಪಟ್ಟಿ ಒತ್ತಿ. ಪ್ರತಿಯೊಂದೂ ತಡವಿಲ್ಲದೆ ನುಡಿಯಬೇಕು.

ಮನೆಗೆ ತಂದ ಮೇಲೆ ನೆಲದ ಮೇಲಿಡದೆ, ಬಟ್ಟೆ ಹೊದಿಸಿ ಎತ್ತರದಲ್ಲಿಡಿ.

ಕೊನೆಗೆ, ಗುಜರಾತಿನ ಪಾಲಿತಾಣಾದ ರೀಡು ಹಾಕಿದ ಹೊಸ ಪೇಟಿಯನ್ನೇ ತಂದೆವು. ಅಳತೆ, ಬಣ್ಣ ಮಾತ್ರ ಹಳೆಯದರಂತೆ. ಮಾವನವರು ಬಹಳ ಹೊತ್ತು ನುಡಿಸಿ, "ಅದು ಬ್ಯಾರೆ ಇತ್ತವ್ವಾ. ಇದೂ ಚಲೋ ಅದ" ಎಂದರು. ಮುಂದಿನ ಸೋಮವಾರ ಪೇಟಿ ಹೊರಿಸಿಕೊಂಡು ಭಜನೆಗೆ ಹೊರಟರು.

ಸೋದರಿಯರೇ, ಹಳೆಯ ಸಾಮಾನು ಮಾರುವ ಮುನ್ನ ಹಿರಿಯರನ್ನು ಒಂದು ಮಾತು ಕೇಳಿ.