ಗ್ಲೈಡರಿನ ಪಂದ್ಯವೂ ನಮ್ಮ ಬಾಲಿಕೆಯರೂ

ನಮ್ಮ ಹೈಸ್ಕೂಲಿನ ವಿದ್ಯಾರ್ಥಿನಿಯರಿಗೆ ಮಾದರಿ ಗ್ಲೈಡರುಗಳನ್ನು ಕಟ್ಟಿ ಹಾರಿಸುವ ವಿದ್ಯೆಯನ್ನು ಕಲಿಸಿ, ಯೋಗ್ಯರಾದವರನ್ನು ಮುಂದೆ ಪರದೇಶದ ಪಂದ್ಯಗಳಿಗೂ ಕಳುಹಿಸಬೇಕೆಂದು ನಾವು ಸೂಚಿಸಿದಾಗ ಹೆತ್ತವರಲ್ಲಿ ಕೆಲವರು ನಕ್ಕರು. ಕೆಲವರು ಖರ್ಚಿನ ಮಾತೆತ್ತಿದರು. ತಾಯಿಯವರೊಬ್ಬರಂತೂ, ಬಿಸಿಲಲ್ಲಿ ನಿಂತು ಮುಖ ಕಪ್ಪಾದ ಮಗಳನ್ನು ಮದುವೆಯಾಗಲು ಯಾರು ಬರುವರೆಂದು ನೇರವಾಗಿಯೇ ಕೇಳಿದರು. ಅವರ ಆತಂಕವನ್ನು ನಾವು ಹಾಸ್ಯ ಮಾಡಲಾರೆವು. ಆದರೆ ಅದಕ್ಕೆ ಉತ್ತರ ಕೊಡದೆ ಸುಮ್ಮನಿರುವುದೂ ನಮ್ಮಿಂದಾಗದು.

ಈ ಪಂದ್ಯವೆಂದರೇನೆಂಬುದನ್ನು ಮೊದಲು ಹೇಳಬೇಕಷ್ಟೆ. ಅಂತರರಾಷ್ಟ್ರೀಯ ವಿಮಾನಕ್ರೀಡಾ ಸಂಸ್ಥೆಯು ನಡೆಯಿಸುವ ಹಲವು ಬಗೆಯ ಪಂದ್ಯಗಳಲ್ಲಿ ಎಫ್-5-ಜೆ ಎಂಬುದೊಂದು. ಇದರ ಪ್ರಥಮ ಜಾಗತಿಕ ಸ್ಪರ್ಧೆಯು 2019ರಲ್ಲಿ ಸ್ಲೊವಾಕಿಯಾ ದೇಶದ ತ್ರ್ನಾವಾದಲ್ಲಿ ನಡೆಯಿತು. ಗ್ಲೈಡರಿನ ರೆಕ್ಕೆಗಳ ಹರವು 4 ಮೀಟರನ್ನು ಮೀರಬಾರದು. ಕೈಯಲ್ಲಿ ರೇಡಿಯೋ ಪೆಟ್ಟಿಗೆಯನ್ನು ಹಿಡಿದು ನೆಲದ ಮೇಲೆ ನಿಂತವರು ಅದನ್ನು ನಡೆಯಿಸುವರು. ಮೂತಿಯಲ್ಲಿರುವ ಸಣ್ಣ ವಿದ್ಯುತ್ ಮೋಟಾರು ಹೆಚ್ಚೆಂದರೆ 30 ಸೆಕೆಂಡು ತಿರುಗಬಹುದು. ಒಮ್ಮೆ ನಿಲ್ಲಿಸಿದ ಮೇಲೆ ಪುನಃ ತಿರುಗಿಸಿದರೆ ಆ ಹಾರಾಟಕ್ಕೆ ಸೊನ್ನೆಯೇ ಗತಿ. ಅನಂತರ ಹತ್ತು ನಿಮಿಷದ ತನಕ ಗಾಳಿಯೊಂದನ್ನೇ ನಂಬಿ ಮೇಲಿರಬೇಕು. ಸೆಕೆಂಡಿಗೊಂದರಂತೆ ಅಂಕ. ಗುರುತಿಟ್ಟ ಸ್ಥಳದಿಂದ ಒಂದು ಮೀಟರಿನೊಳಗೆ ಇಳಿದರೆ ಇನ್ನೂ 50 ಅಂಕಗಳು. ಇಷ್ಟರಲ್ಲಿ ಒಂದು ವಿಚಿತ್ರವುಂಟು. ಮೋಟಾರಿನ ಬಲದಿಂದ ಏರಿದ ಎತ್ತರವನ್ನು ಒಳಗಿನ ಉಪಕರಣವೊಂದು ಬರೆದಿಟ್ಟುಕೊಳ್ಳುತ್ತದೆ. 200 ಮೀಟರಿನ ವರೆಗೆ ಮೀಟರಿಗೆ ಅರ್ಧ ಅಂಕ, ಅದರಾಚೆಗೆ ಮೀಟರಿಗೆ 3 ಅಂಕ ಕಳೆದುಹೋಗುವುದು. ಅಂದರೆ ಎರವಲು ಬಲದಿಂದ ಏರಿದಷ್ಟೂ ನಷ್ಟ! ತಗ್ಗಿನಲ್ಲೇ ಮೋಟಾರನ್ನು ನಿಲ್ಲಿಸಿ, ಏರುಗಾಳಿಯನ್ನು ಹುಡುಕಿಕೊಂಡವಳಿಗೆ ಗೆಲುವು. ತೋಳಿನ ಬಲಕ್ಕೆ ಇಲ್ಲಿ ಹೆಚ್ಚಿನ ಕೆಲಸವಿಲ್ಲ. ಕಣ್ಣು ಬೇಕು, ತಾಳ್ಮೆ ಬೇಕು, ಬೆರಳು ನಡುಗದಿರಬೇಕು. ಹೆಂಗಸರೂ ಗಂಡಸರೂ ಒಂದೇ ಬಯಲಿನಲ್ಲಿ ಹಾರಿಸುವರು.

ಏರುಗಾಳಿಯನ್ನು ಗುರುತಿಸುವ ವಿದ್ಯೆಗೆ ಮಂಗಳೂರಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವಲ್ಲಿ ಗರುಡಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನಾವೆಲ್ಲರೂ ಕಂಡವರೇ. ಮುರಕಲ್ಲಿನ ಪದವುಗಳು ಬೆಳಗ್ಗೆ ಹತ್ತು ಗಂಟೆಗೇ ಕಾದು, ಅವುಗಳ ಮೇಲಣ ಗಾಳಿಯು ಹಗುರವಾಗಿ ಏಳುತ್ತದೆ. ಮಧ್ಯಾಹ್ನ ಪಡುಗಡಲಿನಿಂದ ತಂಪು ಗಾಳಿ ನುಗ್ಗಿತೆಂದರೆ ತೀರದ ಬಳಿ ಆ ಏರುಗಾಳಿಯು ಅಡಗುವುದು; ಮತ್ತೆ ಅದನ್ನು ಮೂಡಲಿಗೆ ಸರಿದು ಹುಡುಕಬೇಕು. ಭೂಗೋಳದ ಪುಸ್ತಕದಲ್ಲಿ ಕಡಲಗಾಳಿ, ನೆಲಗಾಳಿ ಎಂದು ಬಾಯಿಪಾಠ ಮಾಡಿ ಮರೆತ ನಮಗೆ ಇದು ಹೊಳೆಯಲಿಲ್ಲವಲ್ಲಾ ಎಂದು ಈಗ ವ್ಯಥೆಯಾಗುತ್ತದೆ.

ಮಂಗಳೂರಿನವರು ಗಾಳಿಯ ಆಟಕ್ಕಾಗಿ ಹಡಗು ವಿಮಾನ ಹತ್ತಿದ್ದು ಹೊಸತೇನೂ ಅಲ್ಲ. ಟೀಂ ಮಂಗಳೂರು ಎಂಬ ಹವ್ಯಾಸಿ ತಂಡದವರು ತಾವೇ ತಯಾರಿಸಿದ ಗಾಳಿಪಟಗಳನ್ನು ಫ್ರಾನ್ಸಿನ ದಿಯೆಪ್ ಪಟ್ಟಣದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಉತ್ಸವಕ್ಕೆ ಒಯ್ದು ಹಾರಿಸಿ ಬಂದಿರುವರು. ಅವರ ಕಥಕಳಿ ಪಟದ ಎತ್ತರವು 36 ಅಡಿ. ಪಣಂಬೂರಿನ ಮರಳಿನಲ್ಲಿ ಅಂಥ ಪಟಗಳನ್ನು ನೋಡಿದವರು ಬಣ್ಣವನ್ನು ಹೊಗಳಿದರು. ನಾವು ನೋಡಿದ್ದು ಹೊಲಿಗೆಯನ್ನು. ತುಂಡು ತುಂಡು ಬಟ್ಟೆಯನ್ನು ಗಾಳಿಗೆ ಹರಿಯದಂತೆ ಜೋಡಿಸುವುದು ನಮ್ಮ ಶಾಲೆಯು ತಲೆಮಾರುಗಳಿಂದ ಕಲಿಸಿದ ಕೆಲಸವೇ ಅಲ್ಲವೆ? ನಮ್ಮ ಕೈಗೆ ಸೂಜಿ ಕೊಟ್ಟವರು ದಾರದ ಇನ್ನೊಂದು ತುದಿಯನ್ನು ಆಕಾಶಕ್ಕೆ ಬಿಡಬಹುದೆಂದು ಮಾತ್ರ ಹೇಳಲಿಲ್ಲ.

ಖರ್ಚಿನ ಮಾತು ನಿಜವಾದದ್ದು. ಯೂರೋಪಿನ ಕಾರ್ಖಾನೆಗಳಲ್ಲಿ ಮಾಡಿದ ಕಾರ್ಬನ್ ನಾರಿನ ಗ್ಲೈಡರು ಸಾಧಾರಣ ಸಂಸಾರಕ್ಕೆ ಎಟುಕುವ ವಸ್ತುವಲ್ಲ. ಕೊಂಡುತಂದ ಗ್ಲೈಡರನ್ನು ಹಾರಿಸಲು ಪಂದ್ಯದ ನಿಯಮಗಳು ಅಡ್ಡಬರುವುದಿಲ್ಲ. ಹಾಗೆಂದು ತಂದೆಯ ಹಣದಿಂದ ಸಿದ್ಧವಸ್ತುವನ್ನು ತರಿಸಿ, ಮಗಳನ್ನು ಮರುದಿನವೇ ಹೊರದೇಶಕ್ಕೆ ಕಳುಹಿಸುವುದನ್ನು ನಾವು ಒಪ್ಪೆವು. ಮೊದಲು ಬಾಲ್ಸಾ ಮರದ ಹಗುರ ಹಲಗೆಯಿಂದ ಕೈಯಲ್ಲಿ ಎಸೆಯುವ ಗ್ಲೈಡರನ್ನು ಕಟ್ಟಲಿ, ಅದು ಮುರಿಯಲಿ, ಅಂಟು ಹಾಕಿ ಪುನಃ ಎಸೆಯಲಿ. ರೇಡಿಯೋ ಆಮೇಲೆ. ಮುರಿದ ರೆಕ್ಕೆಯನ್ನು ರಾತ್ರಿ ಕುಳಿತು ತಾನೇ ಸರಿಮಾಡಬಲ್ಲವಳು ಮಾತ್ರ ಪರದೇಶಕ್ಕೆ ಹೋಗಲಿ. ಅವಳು ಕಡೆಯ ಸ್ಥಾನದಲ್ಲಿ ಬಂದರೂ ನಮಗೆ ಬೇಸರವಿಲ್ಲ. ಬಜ್ಪೆಯಲ್ಲಿ 1951ರಿಂದ ವಿಮಾನ ನಿಲ್ದಾಣವಿರುವ ಊರಿದು. ಎಲ್ಲಿ ಎಷ್ಟು ಎತ್ತರಕ್ಕೆ ಹಾರಿಸಬಹುದೆಂಬುದನ್ನು ಅಧಿಕಾರಿಗಳಲ್ಲಿ ವಿಚಾರಿಸಿಯೇ ತೊಡಗಬೇಕು.

ಒಬ್ಬಳನ್ನೇ ದೂರದೇಶಕ್ಕೆ ಹೇಗೆ ಕಳುಹಿಸುವುದೆಂಬವರಿಗೆ ಒಂದು ಮಾತು: ಹಾರಿಸುವವರ ಪಕ್ಕದಲ್ಲಿ ನಿಂತು ಹೊತ್ತು ಹೇಳುವ, ಗಾಳಿಯನ್ನು ಗಮನಿಸುವ ಸಹಾಯಕರೊಬ್ಬರಿಗೆ ಈ ಪಂದ್ಯದಲ್ಲಿ ಅವಕಾಶವುಂಟು. ಇಬ್ಬರು ಗೆಳತಿಯರು ಜೊತೆಯಾಗಿಯೇ ಹೋಗಬಹುದು. ಮುಖ ಕಪ್ಪಾಗುವುದೆಂದ ಆ ತಾಯಿಯವರಿಗೆ ನಾವು ಅಗಲ ಅಂಚಿನ ಟೊಪ್ಪಿಯೊಂದನ್ನು ಸೂಚಿಸಿದೆವು. ಅವರು ನಗಲಿಲ್ಲ. ಆದರೆ ಮಗಳು ಮರುವಾರ ಬಂದು, ರೆಕ್ಕೆಯ ಅಡ್ಡಪಟ್ಟಿಯನ್ನು ಕೊಯ್ಯಲು ಎಂಥ ಚೂರಿ ಬೇಕೆಂದು ಕೇಳಿ ಹೋದಳು. ಹೊಲಿಗೆ ಕೋಣೆಯ ಉದ್ದ ಮೇಜುಗಳು ಶನಿವಾರ ಮಧ್ಯಾಹ್ನ ಬರಿದಾಗಿಯೇ ಇರುತ್ತವೆ. ಮೂರು ತುಂಡಾಗಿ ಕಟ್ಟುವ ರೆಕ್ಕೆಗೆ ಅಷ್ಟು ಸ್ಥಳ ಸಾಕು.