ಮೆಣಸಿನ ಅಗಿಯ ಮೇಲೊಂದು ಲೈಟು

ಪಕ್ಕದ ಮನೆಯ ಕಾಕಾ ಒಂದು ದಿನ ಬೆಳಿಗ್ಗೆ ಗೇಟಿನ ಹತ್ತಿರವೇ ನನ್ನನ್ನು ನಿಲ್ಲಿಸಿಕೊಂಡರು. "ತಮ್ಮಾ, ನಿಮ್ಮ ಮ್ಯಾಲಿನ ಕೋಣ್ಯಾಗ ರಾತ್ರಿ ಹನ್ನೆರಡಾದ್ರೂ ಹಗಲಿದ್ದಂಗ ಬೆಳಕಿರ್ತೈತಲ್ಲ, ಏನ್ ಬೆಳಿಯಾಕತ್ತೀಯೋ? ಗಾಂಜಾ ಗೀಂಜಾ ಅಲ್ಲ ಹೌದಿಲ್ಲೋ?"

ನಕ್ಕು ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಪ್ರೋಟ್ರೇ, ಅದರಲ್ಲಿ ಹೆಬ್ಬೆರಳುದ್ದದ ಮೆಣಸಿನ ಅಗಿ, ಮೇಲೆ ತೂಗುಹಾಕಿದ ಎಲ್‌ಇಡಿ ಲೈಟು. ಕಾಕಾ ಸುಮಾರು ಹೊತ್ತು ನೋಡಿದರು. "ಬ್ಯಾಡಗಿ ಇಷ್ಟ್ ಹತ್ರ ಇಟ್ಕೊಂಡು ಹಾವೇರ್ಯಾಗ ಕೋಣಿಯೊಳಗ ಮೆಣಸಿನಗಿಡ?" ಅಂದರು. ಪ್ರಶ್ನೆ ನ್ಯಾಯವಾದದ್ದೇ.

ಅವರ ಅನುಮಾನವೂ ಪೂರ್ತಿ ತಪ್ಪಲ್ಲ. ಮನೆಯೊಳಗೆ ಲೈಟಿನ ಕೆಳಗೆ ಗಿಡ ಬೆಳೆಸುವ ವಿಡಿಯೊ ಹುಡುಕಿ ನೋಡಿ, ಮುಕ್ಕಾಲು ಪಾಲು ಗಾಂಜಾ ಬೆಳೆಯುವವರದ್ದೇ. ಕೆನಡಾದಲ್ಲಿ 2018ರಿಂದ ಅದು ಕಾನೂನುಬದ್ಧ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಮೇಲೆ ಒಂದು ಲಕ್ಷದವರೆಗೆ ದಂಡ. ನನ್ನ ಮೊದಲ ತಪ್ಪು ಏನಂದ್ರೆ, ಆ ಬೆಳೆಗೆ ಹೇಳಿದ ಲೆಕ್ಕವನ್ನು ತಂದು ಈ ಬೆಳೆಗೆ ಹಚ್ಚಿದ್ದು.

ಮೊದಲು ಬೀಜದ ಕತೆ ಹೇಳಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ ಒದ್ದಾಡಿದೆ ಅನ್ನೋದು ಗೊತ್ತಾಗೋದಿಲ್ಲ. ಬ್ಯಾಡಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಅಪ್ಪ ವರ್ಷಾನುವರ್ಷ ತಮ್ಮದೇ ಬೀಜ ಎತ್ತಿಟ್ಟು ಡಬ್ಬಿ ಮೆಣಸಿನಕಾಯಿ ಬೆಳೆಯುತ್ತಿದ್ದರು. ಬ್ಯಾಡಗಿಯಲ್ಲಿ ಎರಡು ನಮೂನೆ. ಕಡ್ಡಿ ಅಂದರೆ ಉದ್ದ, ತೆಳು, ಬೀಜ ಕಡಿಮೆ. ಡಬ್ಬಿ ಅಂದರೆ ಗಿಡ್ಡ, ದಪ್ಪ, ಮೈತುಂಬ ಸುಕ್ಕು. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಈ ಕೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ. ಆದರೆ ಇಳುವರಿ ಕಡಿಮೆ. 2021-22ರಲ್ಲಿ ಕಪ್ಪು ಥ್ರಿಪ್ಸ್ ಹಾವಳಿ ಬಂದಾಗ ಅಪ್ಪ ಸಾಕಾಗಿ ಗೋವಿನಜೋಳಕ್ಕೆ ಹೋದರು. ಆ ಕೊನೆಯ ಬೆಳೆಯ ಒಂದಿಷ್ಟು ಕಾಯಿಯನ್ನು ಅವ್ವ ಅಡುಗೆಮನೆಯ ಡಬ್ಬಿಯಲ್ಲಿ ಹಾಗೇ ಇಟ್ಟಿದ್ದಳು. ನಾನು ಬಿಡಿಸಿ ಎಣಿಸಿದಾಗ ಸಿಕ್ಕ ಗಟ್ಟಿ ಬೀಜ 84. ಮೆಣಸಿನ ಬೀಜ ಎರಡು-ಮೂರು ವರ್ಷ ದಾಟಿದರೆ ಮೊಳಕೆ ಶಕ್ತಿ ಇಳಿಯುತ್ತಾ ಹೋಗುತ್ತೆ. ಈ 84 ಮುಗಿದರೆ ನಮ್ಮ ಮನೆಯ ಡಬ್ಬಿ ಮುಗಿಯಿತು.

ಹೊರಗೇ ಹಾಕಬಹುದಿತ್ತಲ್ಲ ಅಂತೀರಾ? ಬಾಡಿಗೆ ಮನೆಯ ಟೆರೇಸಿನಲ್ಲಿ ಮಂಗಗಳು, ನಡುವೆ ವಾರಗಟ್ಟಲೆ ಮೋಡ. ಇರೋದೇ 84 ಬೀಜ ಅಂದಮೇಲೆ ನನಗೆ ಧೈರ್ಯ ಬರಲಿಲ್ಲ. ರಾಣೆಬೆನ್ನೂರಿಗೆ ಹೋಗಿ ಟ್ರೇ, ಕೋಕೋಪೀಟ್ ತಂದೆ. ತರಕಾರಿ ಬೀಜದ ವ್ಯವಹಾರಕ್ಕೆ ಹೆಸರಾದ ಊರದು, ಅಂಥ ಸಾಮಾನಿಗೆ ಬರವಿಲ್ಲ. ಲೈಟನ್ನು ಆನ್‌ಲೈನಿನಲ್ಲಿ ತರಿಸಿದೆ. ಪೆಟ್ಟಿಗೆ ಮೇಲೆ 1000 ವ್ಯಾಟ್ ಅಂತ ಬರೆದಿತ್ತು. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನೋಡಿದರೆ ಎಳೆಯುತ್ತಿದ್ದದ್ದು ಬರೀ 100. ನೀವೂ ಕೊಳ್ಳುವುದಿದ್ದರೆ ಪೆಟ್ಟಿಗೆ ಮೇಲಿನ ಅಂಕಿ ನಂಬಬೇಡಿ.

ಮೊದಲ 30 ಬೀಜ ಹಾಕಿದೆ, 16 ಎದ್ದವು. ಲೈಟನ್ನು ಫ್ಯಾನಿನ ಕೊಕ್ಕೆಗೆ ಕಟ್ಟಿದ್ದೆ, ಟ್ರೇಯಿಂದ ನಾಲ್ಕೂವರೆ ಅಡಿ ಮೇಲೆ. ಕೋಣೆ ತುಂಬ ಬೆಳಕು, ನಾನು ಖುಷಿ. ನಮ್ಮ ಕಣ್ಣಿನಷ್ಟು ಸುಳ್ಳು ಹೇಳುವ ಮೀಟರ್ ಇನ್ನೊಂದಿಲ್ಲ ಬಿಡಿ, ಕತ್ತಲೆಗೂ ಹೊಂದಿಕೊಳ್ಳುತ್ತೆ, ಬಿಸಿಲಿಗೂ ಹೊಂದಿಕೊಳ್ಳುತ್ತೆ. ಹತ್ತು ದಿನದಲ್ಲಿ ಅಗಿ ದಾರದಂತೆ ಉದ್ದಕ್ಕೆ ಬೆಳೆದು, ತಲೆಯ ಭಾರ ತಾಳದೆ ಒಂದೊಂದಾಗಿ ಮಲಗಿದವು. ಬೆಳಕು ಸಾಲದಿದ್ದರೆ ಗಿಡ ಬೆಳಕು ಹುಡುಕಿಕೊಂಡು ಮೇಲಕ್ಕೆ ಓಡುತ್ತೆ, ಕಾಂಡ ಗಟ್ಟಿ ಮಾಡಿಕೊಳ್ಳೋದಕ್ಕೆ ಅದಕ್ಕೆ ಪುರುಸೊತ್ತಿಲ್ಲ. ಒಂದೂ ಉಳಿಯಲಿಲ್ಲ.

ಎರಡನೇ ಸಲ ಇನ್ನೊಂದು 30. ಎದ್ದದ್ದು 13. ಈ ಸಲ ಸಿಟ್ಟಿಗೆ ಲೈಟನ್ನು ಎಂಟು ಇಂಚಿಗೆ ಇಳಿಸಿದೆ, ಡಿಮ್ಮರ್ ಪೂರ್ತಿ ತಿರುಗಿಸಿದೆ. ದೂರ ಮತ್ತು ಪ್ರಖರತೆ ಎರಡನ್ನೂ ಒಟ್ಟಿಗೆ ಬದಲಿಸಿದ್ದೆ. ಆಫೀಸಿನಲ್ಲಿ ಜೂನಿಯರ್ ಯಾರಾದರೂ ಒಂದೇ ಸಲ ಎರಡು ಸೆಟ್ಟಿಂಗ್ ಬದಲಿಸಿ ಆಮೇಲೆ ಬಗ್ ಹುಡುಕುತ್ತಾ ಕೂತರೆ ನಾನೇ ಬೈತೀನಿ.

ಎರಡನೇ ವಾರಕ್ಕೆ ಎಲೆ ದೊನ್ನೆಯಂತೆ ಮೇಲಕ್ಕೆ ಮಡಚಿಕೊಂಡವು, ತುದಿ ಎಲೆ ಬಿಳಚಿತು. ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ಅಪ್ಪ ತಕ್ಷಣ, "ಮುಟುರು ರೋಗ, ಔಷಧಿ ಹೊಡಿ" ಅಂದರು. ಅವರ ಅನುಭವದಲ್ಲಿ ಅದು ಸರಿ. ಥ್ರಿಪ್ಸ್ ಬಿದ್ದರೆ ಎಲೆ ಮೇಲಕ್ಕೆ ಮಡಚುತ್ತೆ, ನುಸಿ ಬಿದ್ದರೆ ಕೆಳಕ್ಕೆ. ಔಷಧಿಗೆ ಹೊರಟವನು ಒಂದು ನಿಮಿಷ ನಿಂತು ನೋಡಿದೆ. ಎಲೆಯ ಕೆಳಗೆ ಮೊಬೈಲಿನ ಜೂಮ್ ಹಾಕಿ ಹುಡುಕಿದರೂ ಒಂದು ಹುಳ ಇಲ್ಲ. ಇನ್ನೊಂದು ವಿಚಾರ, ಮುದುಡಿದ್ದೆಲ್ಲ ಟ್ರೇಯ ನಡುವಿನ ಅಗಿ, ಮೂಲೆಯವು ಹಸಿರಾಗಿ ಚೆನ್ನಾಗಿದ್ದವು. ಹುಳಕ್ಕೆ ನಡು, ಮೂಲೆ ಅಂತ ಭೇದವಿಲ್ಲ. ಲೈಟಿಗಿದೆ. ಗೊಬ್ಬರದ ಕೊರತೆಯೂ ಅಲ್ಲ, ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗೋದು ಕೆಳಗಿನ ಹಳೆಯ ಎಲೆ. ಇಲ್ಲಿ ಲೈಟಿಗೆ ಹತ್ತಿರವಿದ್ದ ಮೇಲಿನ ಎಲೆ ಬಿಳಚಿತ್ತು.

ಅಂದು ರಾತ್ರಿ ಮೊಬೈಲಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡೆ. ಸೆನ್ಸಾರ್ ಅಗಿಯ ತುದಿಯ ಮಟ್ಟದಲ್ಲಿರುವಂತೆ ಹಿಡಿದು ನೋಡಿದರೆ 60 ಸಾವಿರ ದಾಟಿತ್ತು. ಹಳೆಯ ಎತ್ತರಕ್ಕೆ ಏರಿಸಿ ನೋಡಿದರೆ 4,500 ಅಷ್ಟೇ. ಗಿಡ ಲೆಕ್ಕ ಹಿಡಿಯೋದು ಲಕ್ಸಿನಲ್ಲಲ್ಲ, ಸೆಕೆಂಡಿಗೆ ಎಲೆಯ ಮೇಲೆ ಬೀಳುವ ಬೆಳಕಿನ ಕಣಗಳಲ್ಲಿ. ಅದನ್ನು ಮೈಕ್ರೋಮೋಲ್ ಅಂತ ಹೇಳ್ತಾರೆ. ಬಿಳಿ ಎಲ್‌ಇಡಿಗಾದರೆ ಲಕ್ಸನ್ನು ಸುಮಾರು 67ರಿಂದ ಭಾಗಿಸಿದರೆ ಅಂದಾಜು ಸಿಗುತ್ತೆ. ಗುಲಾಬಿ-ನೇರಳೆ ಲೈಟಿಗೆ ಈ ಲೆಕ್ಕ ನಡೆಯೋದಿಲ್ಲ. ಎಳೆ ಅಗಿಗೆ 150ರಿಂದ 250 ಸಾಕು. ನಾನು ಮೊದಲು ಕೊಟ್ಟದ್ದು 67, ಆಮೇಲೆ ಕೊಟ್ಟದ್ದು 900. ಮಧ್ಯಾಹ್ನದ ಬಿಸಿಲು 2,000ದ ಹತ್ತಿರ ಇರುತ್ತೆ ನಿಜ, ಆದರೆ ಆ ಬಿಸಿಲು ಇಡೀ ದಿನ ಹಾಗೇ ಇರೋದಿಲ್ಲ. ನನ್ನ ಲೈಟು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಒಂದೇ ಸಮ.

ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದಾಗ ಅವಳು ಅಂದಳು, "ಕಂದೀಲು ಇದ್ದಂಗಲ್ಲೇನೋ ಅದು. ಬತ್ತಿ ಏರಿಸಬೌದು, ಇಲ್ಲಾ ಕಂದೀಲನ್ನ ಪುಸ್ತಕದ ಹತ್ರ ತರಬೌದು." ಅಷ್ಟೇ ವಿಷಯ. ಎಲೆಗೆ ಬೀಳುವ ಬೆಳಕು ಎಷ್ಟು ಅನ್ನೋದು ಮುಖ್ಯ, ಅದನ್ನು ಎರಡು ದಾರಿಯಲ್ಲಿ ತಲುಪಬಹುದು. ಎತ್ತರದಲ್ಲಿಟ್ಟು ಪ್ರಖರತೆ ಹೆಚ್ಚಿಸಿದರೆ ಟ್ರೇ ತುಂಬ ಸಮನಾಗಿ ಬೀಳುತ್ತೆ, ಆದರೆ ಅರ್ಧ ಬೆಳಕು ಗೋಡೆಗೆ. ಹತ್ತಿರ ತಂದು ಮಂದ ಮಾಡಿದರೆ ಕರೆಂಟು ಉಳಿಯುತ್ತೆ, ಆದರೆ ನಡುವೆ ಹೆಚ್ಚು, ಅಂಚಿಗೆ ಕಡಿಮೆ. ನನ್ನದು ಒಂದೇ ಟ್ರೇ, ಹಾಗಾಗಿ ಎರಡನೆಯದನ್ನು ಹಿಡಿದೆ. ಒಂದೂವರೆ ಅಡಿ ಎತ್ತರ, ಡಿಮ್ಮರ್ ಅರ್ಧ, ಮೀಟರಿನಲ್ಲಿ 13 ಸಾವಿರ ಲಕ್ಸ್. ದಿನಾ ಟ್ರೇ ಅರ್ಧ ಸುತ್ತು ತಿರುಗಿಸೋದು. ಅಗಿ ಬೆಳೆದಂತೆ ಲೈಟಿಗೆ ಹತ್ತಿರವಾಗುತ್ತವೆ, ಅದಕ್ಕೆ ವಾರಕ್ಕೊಮ್ಮೆ ಅಗಿಯ ತುದಿಯಿಂದಲೇ ಅಳೆದು ಸರ ಒಂದು ಕೊಂಡಿ ಮೇಲೆ. ಏನು ಬದಲಿಸಿದರೂ ಒಂದನ್ನೇ, ಆಮೇಲೆ ಮೂರು ದಿನ ಕೈಕಟ್ಟಿ ನೋಡೋದು. ಮೂರು ದಿನ ಸುಮ್ಮನಿರೋದೇ ಎಲ್ಲಕ್ಕಿಂತ ಕಷ್ಟ.

ಕರೆಂಟಿನ ಮಾತು ಬಂತಲ್ಲ. 100 ವ್ಯಾಟ್, 16 ಗಂಟೆ ಅಂದರೆ ತಿಂಗಳಿಗೆ 48 ಯೂನಿಟ್. ಗೃಹಜ್ಯೋತಿಯಲ್ಲಿ ನಮ್ಮ ಮಿತಿ ಹಳೆಯ ಸರಾಸರಿಗೆ ಶೇ 10 ಸೇರಿಸಿದಷ್ಟು. ಪೂರ್ತಿ ಉರಿಸಿದ ತಿಂಗಳು ಬಿಲ್ಲು ಬಂದೇಬಿಟ್ಟಿತು.

ಟೈಮ್ ವಿಚಾರದಲ್ಲಿ ಗಾಂಜಾದ ಲೆಕ್ಕ ಮೆಣಸಿಗೆ ಬೇಡವೇ ಬೇಡ. ಅದಕ್ಕೆ ಮೊದಲು 18 ಗಂಟೆ ಬೆಳಕು, ಹೂ ಬೇಕಾದಾಗ 12 ಗಂಟೆ ಅಂತಾರೆ, ಯಾಕಂದ್ರೆ ರಾತ್ರಿ ಉದ್ದವಾದರೆ ಮಾತ್ರ ಹೂ ಬಿಡುವ ಗಿಡ ಅದು. ಸೇವಂತಿಗೆಯೂ ಹಾಗೇ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯೋದು ನೋಡಿರಬಹುದು, ಹೂವನ್ನು ಮುಂದಕ್ಕೆ ಹಾಕುವ ಉಪಾಯ ಅದು. ಮೆಣಸಿನ ಗಿಡ ಹಾಗೆ ರಾತ್ರಿ ಲೆಕ್ಕ ಹಾಕಿಕೊಂಡು ಕೂರೋದಿಲ್ಲ. 14ರಿಂದ 16 ಗಂಟೆ ಬೆಳಕು, ಉಳಿದದ್ದು ಕತ್ತಲೆ. ನನ್ನದು ಮುಳ್ಳು ತಿರುಗುವ ಟೈಮರ್, ಕರೆಂಟು ಎರಡು ತಾಸು ಹೋದರೆ ಅದೂ ಎರಡು ತಾಸು ಹಿಂದೆ ಬೀಳುತ್ತೆ. ಕಾಕಾ ರಾತ್ರಿ ಹನ್ನೆರಡಕ್ಕೆ ಬೆಳಕು ನೋಡಿದ್ದು ಅದಕ್ಕೇ.

ಎರಡನೇ ಸಲದ 13ರಲ್ಲಿ 7 ಉಳಿದವು. ಕೊನೆಯ 24 ಬೀಜದಲ್ಲಿ 10 ಎದ್ದವು, ಹತ್ತೂ ಗಿಡ್ಡಕ್ಕೆ, ದಪ್ಪಕ್ಕೆ. ಟೇಬಲ್ ಫ್ಯಾನನ್ನು ನಿಧಾನಕ್ಕೆ ಬಿಟ್ಟಿದ್ದೆ, ಗಾಳಿಗೆ ಅಲುಗಾಡಿದರೆ ಕಾಂಡ ಗಟ್ಟಿಯಾಗುತ್ತೆ. ನಲವತ್ತನೇ ದಿನಕ್ಕೆ ಹೊರಗೆ ತಂದು ಮೊದಲ ದಿನ ನೆರಳು, ಆಮೇಲೆ ಬೆಳಗಿನ ಒಂದು ತಾಸು ಬಿಸಿಲು, ಹೀಗೆ ಹತ್ತು ದಿನ. ಲೈಟಿನಲ್ಲಿ ಬೆಳೆದ ಎಲೆಗೆ ಬಿಸಿಲು ಹೊಸದು. ಈ ಹಂತದಲ್ಲಿ ಒಂದನ್ನು ಕಳಕೊಂಡೆ, ಮೀಟಿಂಗಿನಲ್ಲಿ ಕೂತು ಮರೆತಿದ್ದೆ.

ಹದಿನಾರು ಅಗಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ಅಪ್ಪ ಒಂದನ್ನು ಎತ್ತಿ ಬೇರು ನೋಡಿದರು, ಕಾಂಡವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. "ಲೈಟಿನಾಗ ಬೆಳದದ್ದಾ ಇದು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಗುದ್ದಲಿ ತರಲು ಹೋದರು. ಗೋವಿನಜೋಳದ ನಡುವಿನ ತುಂಡು ಜಾಗದಲ್ಲಿ ಹಚ್ಚಿದ್ದೇವೆ, ಹೈಬ್ರಿಡ್ ಮೆಣಸಿನ ಹೊಲದಿಂದ ದೂರ. ಮೆಣಸು ಬೇಗ ಬೆರಕೆಯಾಗುವ ಬೆಳೆ, ಜೇನು ಯಾವ ಹೊಲದ ಪರಾಗ ತರುತ್ತೋ ಹೇಳಲಿಕ್ಕಾಗದು. ಬೀಜಕ್ಕೆ ಬಿಡುವ ಮೊಗ್ಗಿಗೆ ಕಟ್ಟಲು ಅವ್ವ ಅಪ್ಪನ ಹಳೆಯ ಧೋತರ ಹರಿದು ಸಣ್ಣ ಸಣ್ಣ ಚೀಲ ಹೊಲಿಯುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ ಕೇಳಿದೆ, ಇಪ್ಪತ್ತು ಆಗಿವೆಯಂತೆ.