ಹಿರಿಯರ ಬೇಸಿಗೆಗೆ ಮತದಾರರ ಪಟ್ಟಿ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಅವುಗಳ ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರುವಾದ ಕೆಲಸ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ನೌಕರರ ವಿಷಯದಲ್ಲಿ ಬಿಸಿಲು ಆಡಳಿತ ಬಗೆಹರಿಸಬೇಕಾದ ಸಮಸ್ಯೆ ಎಂದು ಸರ್ಕಾರ ಒಪ್ಪಿಕೊಂಡಿದೆ. ಆದೇಶ ಹೊರಡುತ್ತದೆ, ಪಾಲನೆಯೂ ಆಗುತ್ತದೆ. ಅದೇ ಊರಿನ ಎಪ್ಪತ್ತೈದು ದಾಟಿದ ಅಜ್ಜಿಯ ಪಾಲಿಗೆ ಬರುವುದು ಸಲಹೆ ಮಾತ್ರ. ನೀರು ಹೆಚ್ಚು ಕುಡಿಯಿರಿ, ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ಹತ್ತಿ ಬಟ್ಟೆ ತೊಡಿ, ಮಜ್ಜಿಗೆ ಕುಡಿಯಿರಿ. ಈ ಮಾತುಗಳಲ್ಲಿ ತಪ್ಪಿಲ್ಲ. ಆದರೆ ಅವು ಕೆಲವನ್ನು ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತವೆ: ಕೇಳುವವರಿಗೆ ಬಾಯಾರಿಕೆ ಗೊತ್ತಾಗುತ್ತದೆ, ಕೊಡ ಎತ್ತುವ ಶಕ್ತಿ ಇದೆ, ಮನೆಯೊಳಗೆ ಹೊರಗಿಗಿಂತ ತಂಪು ಇದೆ, ಮೈ ಹದಗೆಟ್ಟರೆ ತಾವೇ ಹೇಳಿಕೊಳ್ಳುತ್ತಾರೆ. ಬಿಸಿಲಿಗೆ ಜೀವ ಕಳೆದುಕೊಳ್ಳುವ ಹಿರಿಯರ ವಿಷಯದಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದೂ ನಿಜವಿರುವುದಿಲ್ಲ.

ಮೊದಲು ದೇಹದ ಲೆಕ್ಕ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ದೇಹಕ್ಕೆ ನೀರು ಬೇಕಾದಾಗಲೂ ನಾಲಿಗೆ ಕೇಳುವುದಿಲ್ಲ. ಬೆವರು ತಡವಾಗಿ ಬರುತ್ತದೆ, ಕಡಿಮೆ ಬರುತ್ತದೆ. ಚರ್ಮದ ಕಡೆಗೆ ರಕ್ತ ಹರಿಸಿ ಒಳಗಿನ ಬಿಸಿಯನ್ನು ಹೊರಹಾಕಬೇಕಾದ ಹೃದಯ ಮೊದಲೇ ದಣಿದಿರುತ್ತದೆ. ಇದರ ಮೇಲೆ ಮಾತ್ರೆಗಳು. ರಕ್ತದೊತ್ತಡಕ್ಕೂ ಕಾಲುಬಾವಿಗೂ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಇಳಿಸುತ್ತವೆ. ಹೃದಯದ ಬಡಿತ ತಗ್ಗಿಸುವ ಮಾತ್ರೆಗಳು ಬಿಸಿಗೆ ಹೊಂದಿಕೊಳ್ಳುವ ಅದರ ಶಕ್ತಿಯನ್ನೇ ಕಟ್ಟಿಹಾಕುತ್ತವೆ. ಕೆಲವು ಮಾನಸಿಕ ಕಾಯಿಲೆಯ ಔಷಧಗಳು ಬೆವರನ್ನೇ ತಡೆಯುತ್ತವೆ. ಹಾಗೆಂದು ಇವನ್ನು ತಾವಾಗಿ ನಿಲ್ಲಿಸುವಂತಿಲ್ಲ, ಬೇಸಿಗೆಗೆ ಮುಂಚೆ ಪ್ರಮಾಣವನ್ನು ವೈದ್ಯರ ಬಳಿ ಮರುಪರಿಶೀಲಿಸಿಕೊಳ್ಳಬೇಕು. ಹೃದಯ ಸೋತವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ನೀರಿಗೂ ಮಿತಿ ಇರುತ್ತದೆ. ಅಂಥವರಿಗೆ ‘ಹೆಚ್ಚು ನೀರು ಕುಡಿಯಿರಿ’ ಎಂಬ ಮಾತೇ ಅಪಾಯ. ಇನ್ನೊಂದು ಕಾರಣವನ್ನು ಯಾವ ಕರಪತ್ರವೂ ಹೇಳುವುದಿಲ್ಲ. ಶೌಚಾಲಯ ಮನೆಯಿಂದ ಹೊರಗಿದ್ದರೆ, ಮಂಡಿನೋವಿನಲ್ಲಿ ಅಲ್ಲಿಯವರೆಗೆ ನಡೆಯುವುದು ಯಾತನೆಯಾದರೆ, ಹೆಂಗಸರು ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಅವರ ಮುಂದೆ ಚೆಂಬು ತುಂಬಿಟ್ಟು ಹೋದರೆ ಪ್ರಯೋಜನವಿಲ್ಲ, ಕೈಹಿಡಿದು ಕರೆದುಕೊಂಡು ಹೋಗುವವರು ಬೇಕು.

ಹಾಗಾದರೆ ಹಿರಿಯರನ್ನು ಕಾಯುವುದು ಏನು? ಇದಕ್ಕೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು 1995ರ ಜುಲೈನಲ್ಲಿ, ಅಮೆರಿಕದ ಶಿಕಾಗೊ ನಗರದಲ್ಲಿ. ಒಂದು ವಾರದ ಬಿಸಿಗಾಳಿಗೆ ಅಲ್ಲಿ ವಾಡಿಕೆಗಿಂತ 739 ಮಂದಿ ಹೆಚ್ಚು ಸತ್ತರು, ಅವರಲ್ಲಿ ಬಹುಪಾಲು ವೃದ್ಧರು. ಆನಂತರ ನಡೆದ ಅಧ್ಯಯನದಲ್ಲಿ ಹವಾನಿಯಂತ್ರಣವಿಲ್ಲದಿರುವುದು ಒಂದು ಕಾರಣವೆಂದು ಕಂಡಿತು. ಅದರ ಜೊತೆಗೆ ಒಬ್ಬರೇ ವಾಸಿಸುವುದು, ಹಾಸಿಗೆ ಹಿಡಿದಿರುವುದು, ದಿನಕ್ಕೊಮ್ಮೆಯೂ ಮನೆಯಿಂದ ಹೊರಗೆ ಬಾರದಿರುವುದು ಸಾವಿನ ಅಪಾಯವನ್ನು ಹೆಚ್ಚಿಸಿದ್ದೂ ಕಂಡಿತು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಒಂದಕ್ಕೊಂದು ಅಂಟಿಕೊಂಡಿರುವ ಎರಡು ಬಡಾವಣೆಗಳನ್ನು ಹೋಲಿಸಿದರು. ಎರಡರಲ್ಲೂ ಬಡವರಿದ್ದರು, ಒಂಟಿ ವೃದ್ಧರೂ ಇದ್ದರು. ನಾರ್ತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 40ರಂತೆ ಸಾವು ಸಂಭವಿಸಿದರೆ ಸೌತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 4. ಮೊದಲನೆಯದರಲ್ಲಿ ಅಂಗಡಿಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಬೀದಿಗೆ ಇಳಿಯಲು ಮುದುಕರು ಹೆದರುತ್ತಿದ್ದರು. ಎರಡನೆಯದರಲ್ಲಿ ಬೀದಿ ತುಂಬ ಅಂಗಡಿ, ಜನ. ಹಿರಿಯರು ಹೊರಗೆ ಬರುತ್ತಿದ್ದರು, ಬಾರದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಬೀದಿಯ ಜೀವಂತಿಕೆಯೊಂದೇ ಇಡೀ ಹತ್ತು ಪಟ್ಟಿನ ಅಂತರಕ್ಕೆ ಕಾರಣವೇ ಎಂದು ವಾದಿಸುವವರಿದ್ದಾರೆ, ವಾದಿಸಲಿ. ಬಿಸಿಲು ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಎಂಟು ವರ್ಷಗಳ ನಂತರ, 2003ರ ಆಗಸ್ಟ್‌ನ ಮೊದಲ ಮೂರು ವಾರಗಳಲ್ಲಿ, ಫ್ರಾನ್ಸ್‌ನಲ್ಲಿ ಸುಮಾರು 15,000 ಹೆಚ್ಚುವರಿ ಸಾವುಗಳಾದವು. ಪ್ಯಾರಿಸ್‌ನ ಹಳೆಯ ಕಟ್ಟಡಗಳಿಗೆ ಸತುವಿನ ತಗಡಿನ ಚಾವಣಿ. ಅದರ ಕೆಳಗೆ, ಮೇಲಿನ ಮಹಡಿಯಲ್ಲಿ ಮಲಗುತ್ತಿದ್ದ ಹಿರಿಯರಿಗೆ ಅಪಾಯ ಹೆಚ್ಚಾಗಿತ್ತೆಂದು ಅಧ್ಯಯನಗಳು ಹೇಳಿದವು. ನಮ್ಮ ರಾಯಚೂರು, ಯಾದಗಿರಿ, ಬಳ್ಳಾರಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆ ಮಧ್ಯಾಹ್ನದ ಕಾವನ್ನು ಒಳಗೆ ಬಿಡುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ ತಗಡಿನ ಸೂರು ಹನ್ನೆರಡಕ್ಕೆ ಕಾದರೆ ಒಳಗಿರುವವರು ಬೆಂದೇ ಹೋಗುತ್ತಾರೆ. ಕಾಂಕ್ರೀಟ್ ತಾರಸಿಯೋ ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. ಇಂಥ ಮನೆಯವರಿಗೆ ‘ಒಳಗೇ ಇರಿ’ ಎನ್ನುವುದು ಬೇವಿನ ಮರದ ನೆರಳಿನಿಂದ ಎಬ್ಬಿಸಿ ಒಲೆಯ ಮುಂದೆ ಕೂರಿಸಿದ ಹಾಗೆ. ಫ್ಯಾನ್ ಇದ್ದರೆ ಸಾಕೆಂಬ ನಂಬಿಕೆಯೂ ಅರ್ಧ ಸತ್ಯ. ಗಾಳಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಫ್ಯಾನ್ ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ. ಆಗ ಕೆಲಸಕ್ಕೆ ಬರುವುದು ಕತ್ತಿಗೆ, ಕೈಕಾಲಿಗೆ ಹಾಕುವ ಒದ್ದೆ ಬಟ್ಟೆ, ಮತ್ತು ದಿನದಲ್ಲಿ ಎರಡು ಮೂರು ತಾಸಾದರೂ ತಂಪಾದ ಜಾಗದಲ್ಲಿ ಕಳೆಯುವ ಅವಕಾಶ. ಆ ಜಾಗ ಗುಡಿಯ ಕಲ್ಲಿನ ಪೌಳಿಯಾಗಬಹುದು, ಮಸೀದಿಯ ಪಡಸಾಲೆಯಾಗಬಹುದು, ಬೇಸಿಗೆ ರಜೆಯಲ್ಲಿ ಬೀಗ ಹಾಕಿರುವ ಶಾಲೆಯ ಕೋಣೆಯಾಗಬಹುದು.

‘ಅದು ಫ್ರಾನ್ಸ್ ಕಥೆ. ಅಲ್ಲಿ ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ರಜೆಗೆ ಹೋಗುತ್ತಾರೆ. ನಮ್ಮಲ್ಲಿ ಕುಟುಂಬ ಇದೆ’ ಎಂಬ ಮಾತು ಕೂಡಲೇ ಎದುರಾಗುತ್ತದೆ. ಈ ಅಭಿಮಾನವನ್ನು ಉತ್ತರ ಕರ್ನಾಟಕದ ಯಾವುದೇ ಮಳೆಯಾಶ್ರಿತ ಹಳ್ಳಿಯಲ್ಲಿ ಬೇಸಿಗೆಯ ನಡುವೆ ಪರೀಕ್ಷಿಸಬಹುದು. ಹೊಲದಲ್ಲಿ ಕೆಲಸ ಮುಗಿಯುತ್ತಲೇ ದುಡಿಯುವವರು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವವರು ಮುದುಕರು, ಎಷ್ಟೋ ಕಡೆ ಮೊಮ್ಮಕ್ಕಳನ್ನೂ ಅವರೇ ನೋಡಿಕೊಳ್ಳಬೇಕು. ಫ್ರೆಂಚರ ಮಕ್ಕಳು ಕಡಲತೀರಕ್ಕೆ ಹೋದರು, ನಮ್ಮವರ ಮಕ್ಕಳು ಕಟ್ಟಡ ಕಟ್ಟಲು ಹೋಗುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಎರಡೂ ಕಡೆ ಉತ್ತರ ಒಂದೇ. ಬೆಂಗಳೂರು, ಮೈಸೂರಿನ ಮಧ್ಯಮ ವರ್ಗದ ಬಡಾವಣೆಗಳಲ್ಲಿ ಮಕ್ಕಳು ವಿದೇಶದಲ್ಲಿರುವ ಮನೆಗಳ ಕಥೆಯೂ ಬೇರೆಯಲ್ಲ. ಅಲ್ಲಿ ಫ್ರಿಜ್ಜು ಇದೆ, ಕದ ತಟ್ಟುವವರಿಲ್ಲ. ‘ನಮ್ಮ ಮುದುಕರಿಗೆ ಬಿಸಿಲು ರೂಢಿ’ ಎನ್ನುವವರೂ ಇದ್ದಾರೆ. ದೇಹ ಬಿಸಿಲಿಗೆ ಹೊಂದಿಕೊಳ್ಳುವುದು ನಿಜ, ಆದರೆ ಆ ಹೊಂದಾಣಿಕೆ ಮೂವತ್ತರ ಕೂಲಿಯಾಳಿಗೆ ಸಿಕ್ಕಷ್ಟು ಎಂಬತ್ತರ ಸಕ್ಕರೆ ಕಾಯಿಲೆಯವರಿಗೆ ಸಿಗುವುದಿಲ್ಲ. ಬಿಸಿಲಿಗೆ ಹಳಬರಾದ ಅಹಮದಾಬಾದಿನ ಜನರಲ್ಲೇ 2010ರ ಮೇ ತಿಂಗಳಲ್ಲಿ 1,344 ಹೆಚ್ಚುವರಿ ಸಾವುಗಳು ಕಂಡುಬಂದವು.

ಫ್ರಾನ್ಸ್ ಸುಮ್ಮನಿರಲಿಲ್ಲ. 2004ರಲ್ಲಿ ಕಾನೂನು ಮಾಡಿ, ಒಂಟಿಯಾಗಿರುವ ಹಿರಿಯರ, ಅಂಗವಿಕಲರ ಹೆಸರುಗಳ ಪಟ್ಟಿಯನ್ನು ಪ್ರತಿ ಊರಿನ ಮೇಯರ್ ಇಡಬೇಕೆಂದು ವಿಧಿಸಿತು. ಸೇರುವುದು ಅವರವರ ಇಷ್ಟ. ಸೇರಿದವರನ್ನು ಬಿಸಿಗಾಳಿಯ ದಿನಗಳಲ್ಲಿ ಫೋನಿನಲ್ಲೋ ಮನೆಗೆ ಬಂದೋ ವಿಚಾರಿಸಬೇಕು. ಹಿರಿಯರ ಆರೈಕೆಗೆ ಹಣ ಹೊಂದಿಸಲು ಜನ ಒಂದು ರಜಾದಿನವನ್ನೇ ಬಿಟ್ಟುಕೊಟ್ಟು ಆ ದಿನ ಸಂಬಳವಿಲ್ಲದೆ ದುಡಿಯಬೇಕೆಂದೂ ಅದೇ ಕಾನೂನು ಹೇಳಿತು. (ರಜೆ ಕಳೆದುಕೊಂಡ ಫ್ರೆಂಚರು ಗೊಣಗದೆ ಬಿಡಲಿಲ್ಲ.) 2006ರ ಜುಲೈನ ಬಿಸಿಗಾಳಿಯಲ್ಲಿ, ಹಿಂದಿನ ವರ್ಷಗಳ ಲೆಕ್ಕದ ಪ್ರಕಾರ ನಿರೀಕ್ಷಿಸಬಹುದಾಗಿದ್ದ ಹೆಚ್ಚುವರಿ ಸಾವುಗಳಿಗಿಂತ ಸುಮಾರು 4,400 ಕಡಿಮೆ ಸಾವುಗಳಾದವು. ಇದೆಲ್ಲ ಆ ಪಟ್ಟಿಯಿಂದಲೇ ಆಯಿತೆಂದು ಯಾರೂ ಹೇಳಲಾರರು. ಮುನ್ನೆಚ್ಚರಿಕೆಯ ವ್ಯವಸ್ಥೆ ಬಂದಿತ್ತು, ಜನರೂ ಹೆದರಿದ್ದರು. ಅಹಮದಾಬಾದ್ ಕೂಡ 2013ರಲ್ಲಿ ಬಿಸಿಗಾಳಿಗೆ ಕ್ರಿಯಾಯೋಜನೆ ಮಾಡಿಕೊಂಡು ಸಾವು ತಗ್ಗಿಸಿತು. ಎರಡೂ ಕಡೆ ಸಲಹೆಯ ಜೊತೆಗೆ ಯಾರು ಯಾವ ದಿನ ಏನು ಮಾಡಬೇಕೆಂಬ ಹೊಣೆ ಹಂಚಿಕೆಯಾಗಿತ್ತು ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಇದು ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರವನ್ನು ಚುನಾವಣಾ ಆಯೋಗ ಕೊಟ್ಟಾಗಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ, 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರಿಗೆ, ಮನೆಯಲ್ಲೇ ಕುಳಿತು ಮತ ಹಾಕುವ ಅವಕಾಶ ಸಿಕ್ಕಿತು. ಮತಗಟ್ಟೆ ಮಟ್ಟದ ಅಧಿಕಾರಿಗಳು ವಯಸ್ಸಿನ ಪ್ರಕಾರ ಹೆಸರು ಹುಡುಕಿದರು, ಮನೆ ಗುರುತಿಸಿದರು, ಅರ್ಜಿ ಪಡೆದರು. ಆಮೇಲೆ ಸಿಬ್ಬಂದಿ ಪೆಟ್ಟಿಗೆ ಹೊತ್ತು ಮನೆಗೆ ಹೋದರು. ಇದು ನಡೆದದ್ದೂ ನಡುಬೇಸಿಗೆಯಲ್ಲೇ. ಅಂದರೆ ಯಾವ ಬೀದಿಯ ಯಾವ ಮನೆಯಲ್ಲಿ ಅತಿ ಹಿರಿಯರಿದ್ದಾರೆ ಎಂಬುದು ರಾಜ್ಯಕ್ಕೆ ಗೊತ್ತು. ಸಂಧ್ಯಾ ಸುರಕ್ಷಾ ಪಿಂಚಣಿಯ ಪಟ್ಟಿ ಬೇರೆ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಈ ಮೂರನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎದುರುಬದುರು ಇಟ್ಟು, ಒಬ್ಬರೇ ಇರುವವರು, ತಗಡಿನ ಮನೆಯವರು, ಹಾಸಿಗೆ ಹಿಡಿದವರು ಯಾರೆಂದು ಗುರುತು ಹಾಕುವುದು ಫೆಬ್ರುವರಿಯೊಳಗೆ ಮುಗಿಸಬಹುದಾದ ಕೆಲಸ. ಒಂದು ದಿನದ ಮತಕ್ಕೆ ಮಾಡಿದ್ದನ್ನು ಎರಡು ತಿಂಗಳ ಜೀವಕ್ಕೆ ಮಾಡಲಾಗದು ಎನ್ನುವುದಕ್ಕೆ ಯಾವ ಆಡಳಿತಾತ್ಮಕ ಕಾರಣವೂ ನನಗೆ ಕಾಣುವುದಿಲ್ಲ.

ಮನೆಗೆ ಹೋಗುವವರು ಯಾರು? ‘ಆಶಾ ಕಾರ್ಯಕರ್ತೆಯರು’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ, ಅದೇ ತೊಂದರೆ. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತವರ ತಲೆಗೆ ಇನ್ನೊಂದು ಸಂಬಳವಿಲ್ಲದ ಕೆಲಸ ಕಟ್ಟುವುದು ನ್ಯಾಯವಲ್ಲ. ನಡುಮಧ್ಯಾಹ್ನ ಬೀದಿ ಸುತ್ತುವುದು ಅವರ ಆರೋಗ್ಯಕ್ಕೂ ಕುತ್ತು. ಕೊಡುವುದಾದರೆ ದುಡ್ಡು ಕೊಟ್ಟು ಕೊಡಬೇಕು. ಅದಕ್ಕಿಂತ, ಹೇಗೂ ದಿನಾ ಬೀದಿಗೆ ಬರುವವರನ್ನು ಬಳಸಿಕೊಳ್ಳುವುದು ಜಾಣತನ. ನಲ್ಲಿ ನೀರು ಬಿಡುವ ನೀರುಗಂಟಿಗೆ ಯಾವ ಮನೆಯ ಕೊಡ ಹೊರಗೆ ಬಂದಿಲ್ಲ ಎಂಬುದು ಗೊತ್ತಿರುತ್ತದೆ. ಬೆಳಿಗ್ಗೆ ಸಂಜೆ ಹಾಲಿನ ಡೇರಿಗೆ ಹೋಗುವವರು, ಸ್ವಸಹಾಯ ಸಂಘದ ಮಹಿಳೆಯರು ತಮ್ಮ ಓಣಿಯ ಎರಡು ಮೂರು ಮನೆಗಳನ್ನು ಹಂಚಿಕೊಂಡರೆ ಸಾಕು. ಊರಿನ ದಾನಿಗಳು ಅರವಟ್ಟಿಗೆ ಇಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು, ಇಂದಿಗೂ ಬಸ್ ನಿಲ್ದಾಣಗಳ ಬಳಿ ಕಾಣುತ್ತದೆ. ಆದರೆ ಅರವಟ್ಟಿಗೆ ನಡೆದು ಬರುವವರಿಗೆ. ನಡೆಯಲಾರದವರ ಬಳಿಗೆ ಅದೇ ಮಜ್ಜಿಗೆ, ಅದೇ ಅಂಬಲಿ ಹೋಗುವಂತಾಗಬೇಕು.

ಹೋದವರು ವೈದ್ಯರಾಗಬೇಕಿಲ್ಲ. ‘ಆರಾಮಿದ್ದೀರಾ ಅಜ್ಜಿ?’ ಎಂದು ಕೇಳಿದರೆ ‘ಆರಾಮ್ ಅದೀನವ್ವ’ ಎಂಬ ಉತ್ತರವೇ ಬರುತ್ತದೆ. ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ, ಬಣ್ಣ ಹೇಗಿತ್ತು, ರಾತ್ರಿ ನಿದ್ದೆ ಬಂತೇ, ಎದ್ದಾಗ ತಲೆ ತಿರುಗಿತೇ ಎಂದು ಕೇಳಬೇಕು. ಮಾತು ತೊದಲುತ್ತಿದೆಯೇ, ಹೆಸರು ತಪ್ಪಾಗುತ್ತಿದೆಯೇ ನೋಡಬೇಕು. ಮೈ ಸುಡುತ್ತಿದ್ದು ಮಾತು ಅಡ್ಡಾದಿಡ್ಡಿಯಾದರೆ ಅದನ್ನು ವಯಸ್ಸಿನ ಅರಳುಮರಳೆಂದು ತಳ್ಳಿಹಾಕುವಂತಿಲ್ಲ, ಅದು ಉಷ್ಣಾಘಾತವಿರಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು ಮೈಮೇಲೆ ನೀರು ಹಾಕುತ್ತ ಗಾಳಿ ಬೀಸುತ್ತಿರಬೇಕು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ಒಂಟಿ ವೃದ್ಧರ ಪಟ್ಟಿ ಕಳ್ಳರ ಕೈಸೇರಿದರೆ ಎಂಬ ಆತಂಕ ಸುಳ್ಳಲ್ಲ, ನಗರಗಳಲ್ಲಿ ವಿಶೇಷವಾಗಿ. ಅದಕ್ಕೇ ಒಪ್ಪಿದವರ ಹೆಸರಷ್ಟೇ ಪಟ್ಟಿಯಲ್ಲಿರಬೇಕು, ಅದು ಪಂಚಾಯಿತಿ ಗೋಡೆಗೆ ಅಂಟಬಾರದು, ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು. ಹಳ್ಳಿಯಲ್ಲಾದರೆ ಯಾರು ಒಂಟಿಯೆಂಬುದು ಯಾವ ಪಟ್ಟಿಯೂ ಇಲ್ಲದೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೊಣೆ ಯಾರದೂ ಅಲ್ಲ ಎಂಬುದೇ ಅಲ್ಲಿನ ತೊಡಕು. ಇದರ ಜೊತೆಗೆ ಸರ್ಕಾರವೇ ಹಿರಿಯರನ್ನು ಬಿಸಿಲಿಗೆ ಎಳೆಯುವುದನ್ನೂ ನಿಲ್ಲಿಸಬೇಕು. ಹೆಬ್ಬೆಟ್ಟು ಒತ್ತಲು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು, ಪಿಂಚಣಿಗೆ ಬ್ಯಾಂಕಿನ ಮುಂದೆ ಸಾಲು. ಕಚೇರಿಯ ವೇಳೆಯನ್ನೇ ಬದಲಿಸಬಲ್ಲ ಆಡಳಿತಕ್ಕೆ ಎಪ್ಪತ್ತು ದಾಟಿದವರ ಪಡಿತರವನ್ನು ಬೆಳಿಗ್ಗೆ ಒಂಬತ್ತರೊಳಗೆ ಕೊಡಿಸುವುದು ದೊಡ್ಡ ಮಾತಲ್ಲ.

ಇದೆಲ್ಲ ಫಲ ಕೊಟ್ಟಿತೇ ಎಂದು ತಿಳಿಯುವ ಬಗೆಯೂ ಊರಿನಲ್ಲೇ ಇದೆ. ಬಿಸಿಲಿಗೆ ಸತ್ತ ವೃದ್ಧರ ಹೆಸರಿನ ಮುಂದೆ ‘ಹೃದಯಾಘಾತ’ ಎಂದೋ ‘ವಯೋಸಹಜ’ ಎಂದೋ ಬರೆಯುವುದು ವಾಡಿಕೆ, ಹಾಗಾಗಿ ಸರ್ಕಾರಿ ಲೆಕ್ಕದಲ್ಲಿ ಬಿಸಿಲಿನ ಸಾವು ಬೆರಳೆಣಿಕೆಯಲ್ಲಿ ಉಳಿಯುತ್ತದೆ. ಶಿಕಾಗೊದಲ್ಲಾಗಲಿ ಅಹಮದಾಬಾದಿನಲ್ಲಾಗಲಿ ನಿಜ ಹೊರಬಂದದ್ದು ಮರಣಪತ್ರದ ಕಾರಣ ಓದಿದ್ದರಿಂದಲ್ಲ, ಆ ದಿನಗಳ ಒಟ್ಟು ಸಾವನ್ನು ಬೇರೆ ದಿನಗಳ ಸಾವಿನ ಜೊತೆ ಇಟ್ಟು ನೋಡಿದ್ದರಿಂದ. ಒಂದು ಹಳ್ಳಿಯಲ್ಲಿ ಸಂಖ್ಯೆ ಚಿಕ್ಕದು, ಏನೂ ಹೇಳುವುದಿಲ್ಲ. ಒಂದು ತಾಲ್ಲೂಕಿನ ಜನನ-ಮರಣ ನೋಂದಣಿ ಸಾಕು. ಕಳೆದ ಐದು ವರ್ಷಗಳ ಏಪ್ರಿಲ್, ಮೇ ತಿಂಗಳಲ್ಲಿ ಅರವತ್ತು ದಾಟಿದವರ ಸಾವೆಷ್ಟು, ಜನವರಿ ಫೆಬ್ರುವರಿಯಲ್ಲಿ ಎಷ್ಟು ಎಂದು ತಹಶೀಲ್ದಾರ್ ಕಚೇರಿ ಒಂದು ಹಾಳೆಯಲ್ಲಿ ಬರೆದು ಮುಂದಿನ ಗ್ರಾಮಸಭೆಗಳ ಮುಂದಿಡಲಿ. ಭೇಟಿಯ ಯೋಜನೆ ಬೇಕೋ ಬೇಡವೋ ಎಂಬ ಚರ್ಚೆ ಆ ಹಾಳೆಯನ್ನು ಓದಿದ ಮೇಲೆ ನಡೆಯಲಿ.